ಆಷಾಢದ ಗಾಳಿಗೆ ಕಟ್ಟಿದ ಸೂರು

ಚಳ್ಳಕೆರೆ ಸೆಕ್ಷನ್ನಿಗೆ ವರ್ಗವಾಗಿ ಬರುವ ಓವರ್‌ಸಿಯರು ಎಲ್ಲಕ್ಕಿಂತ ಮೊದಲು ರುಮಾಲು ಬಿಗಿಯಾಗಿ ಸುತ್ತಿಕೊಳ್ಳುವುದನ್ನು ಕಲಿಯಬೇಕು. ತಮಾಷೆಗೆ ಹೇಳುತ್ತಿಲ್ಲ. ನಾನು ಆ ಊರಿಗೆ ಬಂದಿಳಿದದ್ದು ಒಂದು ಆಷಾಢದ ಮಧ್ಯಾಹ್ನ. ಗಾಡಿಯಿಂದ ಕೆಳಗೆ ಕಾಲಿಟ್ಟು, ಕಚೇರಿ ಎಲ್ಲಿ ಎಂದು ಕೇಳಲು ಬಾಯಿ ತೆರೆದೆ. ಬಾಯಿ ತುಂಬ ಧೂಳು ಬಂತು, ತಲೆಯ ಮೇಲಿನ ರುಮಾಲು ಹೋಯಿತು. ಅದು ಸುರುಳಿ ಬಿಚ್ಚಿಕೊಂಡು, ಬಯಲಿನ ಉದ್ದಕ್ಕೂ ಹಾವಿನಂತೆ ಹರಿದು, ದೂರದ ಜಾಲಿಗಿಡವೊಂದಕ್ಕೆ ಸಿಕ್ಕಿಕೊಂಡಿತು. ನಾನು ಓಡಿ ಹೋಗುವಷ್ಟರಲ್ಲಿ ಕಂಬಳಿ ಹೊದ್ದ ಕುರಿಗಾರನೊಬ್ಬ ಅದನ್ನು ಮುಳ್ಳಿನಿಂದ ಬಿಡಿಸುತ್ತಿದ್ದ. ಯಾವ ಕಡೆಯವರು ಎಂದು ಕೇಳಿದ. ತುಮಕೂರಿನ ಕಡೆ ಎಂದೆ. ಅಲ್ಲಿ ಗಾಳಿ ಇಲ್ಲವೇ ಎಂದ. ಇದೆ, ಆದರೆ ಹೀಗಲ್ಲ ಎಂದೆ.

"ಹಂಗಾದ್ರೆ ಅದು ಗಾಳಿ ಅಲ್ಲ ಬಿಡ್ರಿ" ಎಂದು ರುಮಾಲು ನನ್ನ ಕೈಗಿಟ್ಟು ಕುರಿಗಳ ಹಿಂದೆ ನಡೆದ.

ಹೊಸ ಶತಮಾನ ಹುಟ್ಟಿ ಆಗ ಕೆಲವೇ ವರ್ಷಗಳಾಗಿದ್ದವು. ನನಗೆ ಇಪ್ಪತ್ತೆರಡು. ಅಲ್ಲಿಂದ ಮುಂದೆ ಎಲ್ಲೆಲ್ಲೋ ಕೆಲಸ ಮಾಡಿದೆ. ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದೆಲ್ಲ ಸರ್ವೀಸ್ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಈಗ ಇಂಜಿನಿಯರಿಂಗ್ ಶಾಲೆಯಿಂದ ಬರುವ ಹುಡುಗರು ಮನೆಗೆ ಬಂದಾಗ ಒಂದು ಪ್ರಶ್ನೆ ಕೇಳುತ್ತಾರೆ: ನಿಮಗೆ ಕೆಲಸ ಕಲಿಸಿದವರು ಯಾರು? ಒಬ್ಬ ಮೇಸ್ತ್ರಿ, ಒಬ್ಬ ನೇಕಾರರ ಹೆಂಗಸು, ಮತ್ತು ತಪ್ಪಾದ ಮೇಲೆ ತಪ್ಪೆಂದು ಒಪ್ಪಿಕೊಂಡ ಒಬ್ಬ ಇಂಜಿನಿಯರು. ಆ ಮೂವರ ವಿಷಯವನ್ನೇ ಇಲ್ಲಿ ಬರೆಯುತ್ತೇನೆ.

ಮೇಸ್ತ್ರಿಯ ಹೆಸರು ಓಬಣ್ಣ. ಕೊಂಡ್ಲಹಳ್ಳಿಯವನು, ಆಗಲೇ ಐವತ್ತು ದಾಟಿದವನು. ಕಲ್ಲುಕೆಲಸ, ಮರಗೆಲಸ ಎರಡೂ ಬಲ್ಲ. ಮಾತು ಕಡಿಮೆ. ನಾನು ಏನಾದರೂ ತಪ್ಪು ಹೇಳಿದರೆ ಅಲ್ಲ ಎನ್ನುತ್ತಿರಲಿಲ್ಲ. ಎಲೆಅಡಿಕೆ ಚೀಲ ಬಿಚ್ಚಿ, ಒಂದು ಎಲೆಗೆ ಬಹಳ ಹೊತ್ತು ಸುಣ್ಣ ಹಚ್ಚುತ್ತ ನಿಲ್ಲುತ್ತಿದ್ದ. ಅದರ ಅರ್ಥ ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು.

ಮೊದಲ ಪಾಠ ಅವನ ಊರಿನ ದಾರಿಯಲ್ಲೇ ಆಯಿತು. ಅಲ್ಲೊಂದು ಚಾವಡಿಗೆ ಪಾಯ ಗುರುತು ಹಾಕಬೇಕಾಗಿತ್ತು. ಬೆಳಿಗ್ಗೆ ಒಂದು ಬದಿಯ ಗೋಡೆಯನ್ನು ಬಟ್ಟೆಯ ಟೇಪಿನಲ್ಲಿ ಅಳೆದು ಗೂಟ ಹೊಡೆಸಿದೆ. ಊಟ ಮುಗಿಸಿ ಬಂದು ಎದುರು ಬದಿಯದನ್ನು ಅಳೆದೆ. ಅಷ್ಟರಲ್ಲಿ ಗಾಳಿ ಎದ್ದಿತ್ತು. ಓಬಣ್ಣ ಸುಣ್ಣ ಹಚ್ಚುತ್ತ ನಿಂತ. ನನಗೆ ಏನೂ ಹೊಳೆಯಲಿಲ್ಲ. ನಾಳೆ ಹೊತ್ತು ಮೂಡುವ ಮೊದಲೇ ಬನ್ನಿ ಎಂದಷ್ಟೇ ಹೇಳಿದ. ಮರುದಿನ ಬೆಳಗಿನಲ್ಲಿ, ಕೂಲಿಯವರು ಬರುವ ಮುಂಚೆ, ಬಿದಿರಿನ ಗಳಗಳನ್ನು ತುದಿಗೆ ತುದಿ ಹಚ್ಚಿ ಅಳೆದು ತೋರಿಸಿದ. ಮಧ್ಯಾಹ್ನ ಅಳೆದ ಬದಿ ಮೂರು ಅಂಗುಲ ಕಡಿಮೆ ಇತ್ತು. ಗಾಳಿ ಟೇಪಿನ ಹೊಟ್ಟೆಯನ್ನು ಪಕ್ಕಕ್ಕೆ ಊದಿಸಿ ಬಿಲ್ಲಿನಂತೆ ಬಗ್ಗಿಸಿತ್ತು. ನಾನು ಅಳೆದದ್ದು ಬಿಲ್ಲನ್ನು, ಗೋಡೆ ಏಳಬೇಕಾದದ್ದು ನೇರ ಗೆರೆಯಲ್ಲಿ. ಇದನ್ನು ಅವನು ಹಿಂದಿನ ದಿನವೇ ಹೇಳಬಹುದಿತ್ತು. ಇಪ್ಪತ್ತು ಜನ ಕೂಲಿಯವರ ಎದುರಿಗೆ ಹೇಳಬಾರದೆಂದು ರಾತ್ರಿಯೆಲ್ಲ ತಡೆದುಕೊಂಡಿದ್ದ.

ಗೋಡೆ ಏಳುವಾಗಲೂ ಅದೇ ತೊಂದರೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತೇವಲ್ಲ, ಆ ಗುಂಡು ಗಾಳಿಗೆ ಗಡಿಯಾರದ ಲೋಲಕದ ಹಾಗೆ ತೂಗಾಡುತ್ತಿತ್ತು. ಓಬಣ್ಣ ಒಂದು ಮಡಕೆ ನೀರು ತರಿಸಿ ಗುಂಡನ್ನು ಅದರೊಳಗೆ ಮುಳುಗಿಸಿದ. ಗುಂಡು ನಿಂತುಬಿಟ್ಟಿತು. "ಗಾಳಿ ಎಲ್ಲಾ ಕಡೆ ಐತೆ ಸ್ವಾಮಿ, ನೀರಾಗೆ ಇಲ್ಲ" ಎಂದ. ಅವನು ನನಗೆ ಹೇಳಿದ ಅತಿ ಉದ್ದದ ಮಾತು ಅಲ್ಲಿಯವರೆಗೆ ಅದೇ.

ಆ ಸೀಮೆಯ ಹಳೆಯ ಮನೆಗಳೆಲ್ಲ ಮಾಳಿಗೆ ಮನೆಗಳು. ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸೊಪ್ಪುಕಡ್ಡಿ ಹಾಸಿ ಮೊಣಕಾಲುದ್ದ ಮಣ್ಣು. ಗಾಳಿಗೂ ಆ ಮಾಳಿಗೆಗಳಿಗೂ ಎಂದೂ ಜಗಳ ಬಂದಿರಲಿಲ್ಲ. ಅಷ್ಟು ಭಾರದ ಮಣ್ಣನ್ನು ಎತ್ತಲು ಯಾವ ಗಾಳಿಗೂ ಆಗದು. ಜಗಳ ಶುರುವಾದದ್ದು ತಗಡು ಬಂದ ಮೇಲೆ. ಅಲೆಅಲೆಯಾಗಿ ಮಡಿಚಿದ, ಸತು ಬಳಿದ ಕಬ್ಬಿಣದ ತಗಡುಗಳು ಗಾಡಿಗಳಲ್ಲಿ ಬಂದು ಇಳಿದವು. ಇನ್ನು ಮುಂದೆ ಸರ್ಕಾರದ ಹೊಸ ಕಟ್ಟಡಗಳಿಗೆ ಇವನ್ನೇ ಹೊದಿಸತಕ್ಕದ್ದು ಎಂದು ಹುಕುಂ ಆಯಿತು. ಒಂದು ತಗಡನ್ನು ಇಬ್ಬರು ಎತ್ತಿ ಏಣಿ ಹತ್ತಬಹುದಿತ್ತು. ನಮಗೆಲ್ಲ ಬಹಳ ಖುಷಿ. ಇಬ್ಬರು ಸುಲಭವಾಗಿ ಎತ್ತುವುದನ್ನು ಗಾಳಿಯೂ ಸುಲಭವಾಗಿ ಎತ್ತೀತು ಎಂದು ಯಾರಿಗೂ ಹೊಳೆಯಲಿಲ್ಲ.

ನಮ್ಮ ಅಸಿಸ್ಟೆಂಟ್ ಇಂಜಿನಿಯರು ವರದಾಚಾರ್ಯರು. ತೆಳ್ಳಗೆ ಉದ್ದಕ್ಕೆ ಇದ್ದರು. ಮದರಾಸಿನಲ್ಲಿ ಓದಿದವರು. ನಶ್ಯದ ಡಬ್ಬಿ ಮತ್ತು ಒಂದು ದಪ್ಪ ಪುಸ್ತಕ, ಇವೆರಡು ಇಲ್ಲದೆ ಕ್ಯಾಂಪಿಗೆ ಹೊರಡುತ್ತಿರಲಿಲ್ಲ. ಕೆಳಗಿನವರನ್ನು 'ನೀವು' ಎಂದು ಕರೆಯುತ್ತಿದ್ದ ಮೊದಲ ಮೇಲಧಿಕಾರಿ ನಾನು ಕಂಡವರಲ್ಲಿ ಅವರೇ. ಮೊಳಕಾಲ್ಮೂರಿನಲ್ಲಿ ಸಂತೆಗೆ ಒಂದು ಸೂರು ಕಟ್ಟಬೇಕೆಂದು ಆದಾಗ ನಕ್ಷೆಯನ್ನು ಅವರೇ ಬರೆದರು. ನಾಲ್ಕು ಕಡೆಯೂ ಗೋಡೆಯಿಲ್ಲ. ಎರಡು ಸಾಲು ಕಲ್ಲುಕಂಬ, ಮೇಲೆ ಮರದ ಚೌಕಟ್ಟು, ಎರಡು ಇಳಿಜಾರಿಗೆ ತಗಡು. ಒಂದು ಇಳಿಜಾರು ಪಡುವಣಕ್ಕೆ, ಗಾಳಿ ಬರುವ ಕಡೆಗೆ. ಇನ್ನೊಂದು ಮೂಡಣಕ್ಕೆ, ಗಾಳಿಗೆ ಬೆನ್ನು ಹಾಕಿ. ಗಾಳಿ ಎಂದರೆ ತಳ್ಳುವ ಕೈ ಎಂದು ಅವರು ವಿವರಿಸುತ್ತಿದ್ದರು. ಅದು ಪಡುವಣದ ಇಳಿಜಾರನ್ನು ತಳ್ಳುತ್ತದೆ, ಮೂಡಣದ ಇಳಿಜಾರು ಅದರ ಮರೆಯಲ್ಲಿ ಸುಖವಾಗಿರುತ್ತದೆ. ಅವರ ಪುಸ್ತಕದಲ್ಲೂ ಹಾಗೇ ಇತ್ತು, ನನ್ನ ಬುದ್ಧಿಗೂ ಹಾಗೇ ತೋರಿತು.

ಮೊಳಕಾಲ್ಮೂರಿನ ಬೆನ್ನಿಗೆ ಬೆಟ್ಟಗಳಿವೆ. ಬಯಲಿನಲ್ಲಿ ಅಗಲವಾಗಿ ಬರುವ ಗಾಳಿ ಅಲ್ಲಿ ಬೆಟ್ಟಗಳ ನಡುವಿನ ಸಂದಿಯಲ್ಲಿ ನುಗ್ಗಿ ಇನ್ನಷ್ಟು ಜೋರಾಗಿ ಊರಿನ ಮೇಲೆ ಬೀಳುತ್ತದೆ. ಕೆಲಸ ಅರ್ಧವಾಗಿದ್ದಾಗ ತಗಡು ಬಿಗಿಯುವ ಕೊಕ್ಕೆ ಬೋಲ್ಟುಗಳು ಸಾಲದಾದವು. ಇನ್ನಷ್ಟು ಬರಬೇಕಾದರೆ ಒಂದು ತಿಂಗಳು ಕಾಯಬೇಕು. ಆಷಾಢ ಹತ್ತಿರ ಬಂದಿತ್ತು, ಕೆಲಸ ಮುಗಿಯಿತೆಂದು ಬರೆದು ಕಳಿಸುವ ಆತುರ ನನಗೆ. ಇದ್ದ ಬೋಲ್ಟುಗಳನ್ನೆಲ್ಲ ಪಡುವಣದ ಇಳಿಜಾರಿಗೆ ಹಾಕಿ, ಮೂಡಣದ ಕಡೆ ಬರೀ ಮೊಳೆ ಹೊಡೆದುಬಿಡಿ ಎಂದೆ.

ಓಬಣ್ಣ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದ. ಅಷ್ಟು ಹೊತ್ತಿಗೆ ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು.

"ಎರಡೂ ಕಡೆ ಸಮಸಮ ಹಂಚೋಣ ಸ್ವಾಮಿ. ಉಳಿದದ್ದು ಬಂದ ಮ್ಯಾಲೆ ತುಂಬಿದ್ರಾತು" ಎಂದ.

ಗಾಳಿ ಬಾರದ ಕಡೆಗೆ ಬೋಲ್ಟು ಯಾತಕ್ಕೆ ಎಂದು ನಾನು ಪುಸ್ತಕದ ಮಾತನ್ನು ಒಪ್ಪಿಸಿದೆ. ಅವನು ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಏಣಿ ಹತ್ತಿದ.

ಸಂತೆಯ ಸೂರಿನಿಂದ ಮೂಡಣಕ್ಕೆ ಮಗ್ಗದವರ ಕೇರಿ. ಅಲ್ಲಿ ಎಲ್ಲಪ್ಪ ಮತ್ತು ಸುಂಕಮ್ಮ ಎಂಬ ಗಂಡಹೆಂಡಿರು ರೇಷ್ಮೆ ಸೀರೆ ನೇಯುತ್ತಿದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಮಗ್ಗಕ್ಕೆ ಏರಿಸುವ ಮೊದಲು ಹಾಸನ್ನು, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನೆಲ್ಲ, ಬೀದಿಯ ಉದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟಿ ಹದಮಾಡಬೇಕು. ಗಾಳಿ ಏಳುವ ಮುಂಚೆ, ಬೆಳಗಿನ ಹೊತ್ತಿನಲ್ಲಿ, ಅದನ್ನು ಮುಗಿಸುವುದು ವಾಡಿಕೆ. ಸೂರು ಮುಗಿದ ಮೇಲೆ ಆಷಾಢದ ಒಂದು ದಿನ ಗಾಳಿ ವಾಡಿಕೆ ಮೀರಿ ಹೊತ್ತು ಏರುವ ಮೊದಲೇ ಎದ್ದಿತು. ಗಂಡಹೆಂಡಿರು ಅವಸರದಿಂದ ಹಾಸು ಸುತ್ತಿಕೊಳ್ಳುತ್ತಿದ್ದಾಗ ನಮ್ಮ ಸೂರಿನ ಮೂಡಣದ ಇಳಿಜಾರಿನಿಂದ ಒಂದು ತಗಡು ಮೊಳೆಗಳನ್ನು ಕಿತ್ತುಕೊಂಡು ಮೇಲೆದ್ದಿತು. ಬಳುಕುತ್ತ ಬಂದು ಹಾಸಿನ ಮೇಲೆ ಅಂಚು ಕೆಳಗಾಗಿ ಬಿತ್ತು. ಸಾವಿರಾರು ಎಳೆಗಳು ಒಂದೇ ಏಟಿಗೆ ತುಂಡಾದವು. ಅದನ್ನು ತಡೆಯಲು ಕೈಚಾಚಿದ ಎಲ್ಲಪ್ಪನ ಮುಂಗೈ ಮೊಣಕೈವರೆಗೆ ಸೀಳಿತು.

ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಓಬಣ್ಣ ತನ್ನ ಪಂಚೆ ಹರಿದು ಎಲ್ಲಪ್ಪನ ಕೈಗೆ ಸುತ್ತಿ, ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದ. ಬೀದಿಯಲ್ಲಿ ಸುಂಕಮ್ಮ ಒಬ್ಬಳೇ ಕೂತಿದ್ದಳು. ಕತ್ತರಿಸಿದ ಎಳೆಗಳ ತುದಿಗಳು ಗಾಳಿಗೆ ಹಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ನಾನೂ ಕೂತು ಇನ್ನೊಂದು ಬದಿಯ ತುದಿಗಳನ್ನು ಒತ್ತಿ ಹಿಡಿದೆ. ಅಕ್ಕಪಕ್ಕದವರು ಬಂದು ಅವನ್ನು ಕಟ್ಟಿ ಒಳಗೆ ಒಯ್ಯುವವರೆಗೆ ಇಬ್ಬರೂ ಹಾಗೆಯೇ ಕೂತಿದ್ದೆವು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಎಲ್ಲಪ್ಪನ ಕೈಗೆ ಹೊಲಿಗೆ ಹಾಕಿದರು. ಕೈ ಉಳಿಯುತ್ತದೆ, ಆದರೆ ಎರಡು ತಿಂಗಳು ಮಗ್ಗಕ್ಕೆ ಕೂರುವಂತಿಲ್ಲ ಎಂದರು. ಸುಂಕಮ್ಮ ತುಂಡಾದ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಲು ಕೂತಳು.

ನಾಲ್ಕು ದಿನದ ಮೇಲೆ ವರದಾಚಾರ್ಯರು ವಿಚಾರಣೆಗೆ ಬಂದರು. ಸೂರಿನ ಸುತ್ತ ಮೂರು ಸಲ ತಿರುಗಿದರು. ಪಡುವಣದ ಇಳಿಜಾರಿನಲ್ಲಿ ಒಂದು ತಗಡೂ ಅಲುಗಿರಲಿಲ್ಲ. ಗಾಳಿಯ ಮರೆಯಲ್ಲಿದ್ದ ಮೂಡಣದ್ದು ಹಾರಿತ್ತು. ಗಾಳಿ ತಾಗದ ಕಡೆಯ ತಗಡು ಗಾಳಿಯಿಂದ ಹಾರಲು ಸಾಧ್ಯವಿಲ್ಲ, ಆದ್ದರಿಂದ ಅದನ್ನು ಸರಿಯಾಗಿ ಹೊಡೆದೇ ಇರಲಿಲ್ಲ ಎಂದು ಅವರ ತೀರ್ಮಾನ. ತಗಡು ಹೊದಿಸಿದವನು ಯಾರು ಎಂದು ಕೇಳಿದರು. ಓಬಣ್ಣ ಕೈಮುಗಿದು ಮುಂದೆ ಬಂದು ತಾನೇ ಎಂದ. ಇವನಿಗೆ ಇನ್ನು ಮೇಲೆ ಸರ್ಕಾರದ ಕೆಲಸ ಕೊಡತಕ್ಕದ್ದಲ್ಲ ಎಂದು ಬರೆಯುತ್ತೇನೆ ಎಂದರು. ಓಬಣ್ಣ ನನ್ನ ಕಡೆ ತಿರುಗಿ ನೋಡಲಿಲ್ಲ. ಹಾಗೆ ಮಾಡು ಎಂದು ಹೇಳಿದವನು ನಾನು ಎಂದು ಅಲ್ಲಿಯೇ ಹೇಳಬೇಕಾಗಿತ್ತು. ನಾನು ಬಾಯಿ ಬಿಡಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಅಳತೆ ತಪ್ಪಿದ್ದೇನೆ, ಲೆವೆಲ್ಲು ತಪ್ಪಿದ್ದೇನೆ. ಅವುಗಳಲ್ಲಿ ಯಾವುದೂ ನನ್ನನ್ನು ಇಷ್ಟು ನಾಚಿಸುವುದಿಲ್ಲ.

ಅಲ್ಲಿಂದ ಕಾಲು ನನ್ನನ್ನು ಮಗ್ಗದ ಕೇರಿಗೆ ಕರೆದೊಯ್ದಿತು. ಸುಂಕಮ್ಮ ಪಡಸಾಲೆಯಲ್ಲಿ ಕೂತು ಎಳೆ ಹೊಸೆಯುತ್ತಿದ್ದಳು. ಬೆರಳು ಜಾರದಿರಲೆಂದು ಬೂದಿ ಮುಟ್ಟಿಕೊಳ್ಳುತ್ತಿದ್ದಳು. ಎಲ್ಲಪ್ಪ ಗೋಡೆಗೊರಗಿ ಕೈಯನ್ನು ಎದೆಗೆ ಕಟ್ಟಿಕೊಂಡಿದ್ದ. ನಾನು ಕೈ ಹೇಗಿದೆ ಎಂದೆ, ಪರವಾಗಿಲ್ಲ ಎಂದ. ಸುಂಕಮ್ಮನ ಕೈಯಲ್ಲಿ ಬಣ್ಣ ಹೊಂದಿಸಿ ನೋಡಲು ಇಟ್ಟುಕೊಂಡ ಹಳೆಯ ಸೀರೆಯಂಚಿನ ಒಂದು ತುಂಡಿತ್ತು. ಅದರ ಮೇಲೆ ಬೂದಿ ಬಿದ್ದಿತ್ತು. ಅವಳು ಅದರ ಒಂದು ತುದಿಯನ್ನು ಕೆಳದುಟಿಯ ಹತ್ತಿರ ಹಿಡಿದು, ಬೂದಿ ಹೋಗಲೆಂದು ಮೇಲಿನಿಂದ ಊದಿದಳು. ಜೋತುಬಿದ್ದಿದ್ದ ತುಂಡು ನೆಟ್ಟಗೆ ಮೇಲೆದ್ದಿತು.

ನಾನು ನೋಡುತ್ತಲೇ ಇದ್ದೆ. ಇನ್ನೊಮ್ಮೆ ಊದು ತಾಯಿ ಎಂದೆ. ಅವಳು ನನಗೆ ಬುದ್ಧಿ ಕೆಟ್ಟಿದೆಯೇ ಎಂಬಂತೆ ನೋಡಿ ಊದಿದಳು. ಉಸಿರು ಹೋದದ್ದು ರೇಷ್ಮೆಯ ಮೇಲ್ಭಾಗದಲ್ಲಿ. ಉಸಿರಿಗೆ ಅದು ಕೆಳಗೆ ಬಾಗಬೇಕಿತ್ತು. ಅದು ಮೇಲಕ್ಕೆ ಏಳುತ್ತಿತ್ತು.

"ಊದಿದ್ರೆ ಏಳ್ತೈತೆ. ಇದರಾಗೆ ಏನು ಹೊಸದೈತೆ ಓವರ್ಸೀರಯ್ಯ?" ಎಂದಳು. "ಆವತ್ತು ತಗಡೂ ಹಿಂಗೇ ಎದ್ದಿದ್ದು. ಗಾಳಿ ತಳ್ಳಲಿಲ್ಲ, ಮ್ಯಾಲಿಂದ ಯಾರೋ ಎತ್ತಿದಂಗೆ ಎದ್ದಿತು. ನಾನು ಕಣ್ಣಾರೆ ಕಂಡೆ."

ನಾನು ಎದ್ದು ನಿಂತೆ. ಅವಳು ಕೆಲಸದಿಂದ ತಲೆ ಎತ್ತದೆ ಇನ್ನೊಂದು ಮಾತು ಹೇಳಿದಳು.

"ಮೇಸ್ತ್ರಿ ನೀವು ಹೇಳಿದಂಗೆ ಮಾಡಿದಾನೆ. ಕೇರಿಗೆಲ್ಲ ಗೊತ್ತೈತೆ. ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಾ ಇದೀವಿ."

ತಾವು ಇಳಿದುಕೊಂಡಿದ್ದ ಮುಸಾಫರ್‌ಖಾನೆಯ ಜಗಲಿಯಲ್ಲಿ ವರದಾಚಾರ್ಯರು ವರದಿ ಬರೆಯುತ್ತ ಕೂತಿದ್ದರು. ಹಾಳೆಗಳು ಹಾರದಿರಲೆಂದು ಮೇಲೆ ಕಲ್ಲಿಟ್ಟಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಬೋಲ್ಟು ಕಡಿಮೆ ಬಿದ್ದದ್ದು, ಸಮನಾಗಿ ಹಂಚೋಣ ಎಂದು ಮೇಸ್ತ್ರಿ ಹೇಳಿದ್ದು, ಬೇಡ ಎಂದವನು ನಾನು. ಅವರ ಮುಖ ಕಪ್ಪಿಟ್ಟಿತು.

"ಬೆಳಿಗ್ಗೆ ಅವನು ಎದುರಿಗೆ ನಿಂತಿದ್ದಾಗ ನಿಮಗೆ ನಾಲಿಗೆ ಇರಲಿಲ್ಲವೇ, ಕೃಷ್ಣಪ್ಪನವರೇ?"

ಇತ್ತು, ಧೈರ್ಯ ಇರಲಿಲ್ಲ ಎಂದೆ. ಅವರು ಲೇಖನಿ ಕೆಳಗಿಟ್ಟರು. ಆಮೇಲೆ, ಅದೆಲ್ಲ ಸರಿ, ಮೊಳೆ ಹೊಡೆದದ್ದೇ ನಿಜವಾದರೆ ಗಾಳಿಯ ಮರೆಯಲ್ಲಿ ಅದು ಕಿತ್ತುಬಂದದ್ದು ಹೇಗೆ ಎಂದು ತಮ್ಮನ್ನೇ ಕೇಳಿಕೊಂಡಂತೆ ಕೇಳಿದರು. ಆಗ ನಾನು ಸುಂಕಮ್ಮನ ರೇಷ್ಮೆಯ ವಿಷಯ ಹೇಳಿದೆ. ಅವರು ನಂಬಲಿಲ್ಲ. ನಕ್ಷೆಯ ಕಾಗದದ ಅಂಚಿನಿಂದ ಬೆರಳಗಲದ ಪಟ್ಟಿ ಹರಿದು, ತುಟಿಯ ಹತ್ತಿರ ಹಿಡಿದು ಊದಿದರು. ಎದ್ದಿತು. ನಶ್ಯದ ಘಾಟಿಗೆ ಸೀನು ಬಂತು, ಸೀನಿ, ಮತ್ತೆ ಊದಿದರು. ಮತ್ತೆ ಎದ್ದಿತು.

ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ. ಒಂದು ಕಾರ್ಡನ್ನು ಸೂರಿನ ಹಾಗೆ ಮಡಿಚಿ, ಎರಡು ಪುಸ್ತಕಗಳ ಮೇಲೆ ನಿಲ್ಲಿಸಿ, ಜಗಲಿಯ ಅಂಚಿಗೆ ಒಯ್ದು ಗಾಳಿಗೆ ಒಡ್ಡಿದರು. ಗಾಳಿಗೆ ಬೆನ್ನು ಹಾಕಿದ ಇಳಿಜಾರಿನ ಮೇಲೆ ಹತ್ತಿಯ ಎಳೆಗಳನ್ನು ಅಂಟಿಸಿದರು. ಎಳೆಗಳು ಮಲಗಲಿಲ್ಲ, ಎದ್ದು ನಿಂತು ನಡುಗಿದವು. ಅತ್ಯಂತ ಹೆಚ್ಚು ನಡುಗಿದ್ದು ಅಂಚಿನವು ಮತ್ತು ನೆತ್ತಿಯ ಪಕ್ಕದವು. ಮದರಾಸಿನಲ್ಲಿ ಓದಿದ ಆ ದೊಡ್ಡ ಮನುಷ್ಯರು ನೆಲದ ಮೇಲೆ ಮೊಣಕಾಲೂರಿ, ಪೇಟ ತೆಗೆದಿಟ್ಟು, ಕಾರ್ಡಿನ ಸೂರನ್ನು ಕಣ್ಣಿನ ಮಟ್ಟದಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಕೊನೆಗೆ ಎದ್ದು, ಬರೆದ ವರದಿಯನ್ನು ನಾಲ್ಕು ತುಂಡು ಮಾಡಿದರು. "ಪುಸ್ತಕದಲ್ಲಿ ತಳ್ಳುವುದು ಮಾತ್ರ ಇದೆ. ಎಳೆಯುವುದನ್ನು ನಾವು ಬರೆದುಕೊಳ್ಳಬೇಕು" ಎಂದರು.

ಸಂಜೆ ಅವರೇ ಎಲ್ಲಪ್ಪನ ಮನೆಗೆ ಹೋಗಿ ಮೆಟ್ಟಿಲ ಮೇಲೆ ಕೂತು ಮಾತಾಡಿಸಿದರು. ಓಬಣ್ಣನನ್ನು ಕರೆಸಿ, ಬೆಳಗಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದರು. ನನಗೆ ಇಲಾಖೆಯಿಂದ ಒಂದು ಎಚ್ಚರಿಕೆಯ ಕಾಗದ ಬಂತು. ಅದು ಬರಬೇಕಾದದ್ದೇ.

ಓಬಣ್ಣನ ಬಳಿ ಕ್ಷಮೆ ಕೇಳುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಓವರ್‌ಸಿಯರು ಮೇಸ್ತ್ರಿಯ ಕ್ಷಮೆ ಕೇಳುವ ಪದ್ಧತಿ ಆಗ ಇರಲಿಲ್ಲ. ಮರುದಿನ ಕೆಲಸದ ಹತ್ತಿರ ಹೋಗಿ, ಓಬಣ್ಣ, ತಪ್ಪಾಯಿತು ಎಂದೆ. ಅವನು ಚೀಲ ಬಿಚ್ಚಿದ. ನಾನು ಅಂಜಿದೆ. ಸುಣ್ಣ ಹಚ್ಚಿದ ಎಲೆಯನ್ನು ಮಡಿಚಿ ಅವನು ನನ್ನ ಕೈಗೆ ಕೊಟ್ಟ. ಮತ್ತೆ ಆ ವಿಷಯ ನಮ್ಮ ನಡುವೆ ಬರಲಿಲ್ಲ.

ಬೋಲ್ಟುಗಳು ಬಂದ ಮೇಲೆ ಎರಡೂ ಇಳಿಜಾರಿಗೆ ಸಮನಾಗಿ, ಅಂಚು ಮತ್ತು ನೆತ್ತಿಗೆ ಇನ್ನಷ್ಟು ಒತ್ತಾಗಿ ಹಾಕಿದೆವು. ಇನ್ನು ಗಾಳಿಯ ಜೊತೆ ನಮ್ಮ ಲೆಕ್ಕ ತೀರಿತು ಎಂದುಕೊಂಡೆ. ತೀರಿರಲಿಲ್ಲ. ಮರುವರ್ಷ ದೇವಸಮುದ್ರದ ದಾರಿಯಲ್ಲಿ ದನಗಳ ಹುಲ್ಲು ಇಡಲು ಅಂಥದೇ ಒಂದು ಸೂರು ಕಟ್ಟಿದ್ದೆವು. ಆಷಾಢದಲ್ಲಿ ಸುದ್ದಿ ಬಂತು, ಹೋಗಿ ನೋಡಿದೆವು. ಒಂದು ತಗಡೂ ಹಾರಿರಲಿಲ್ಲ, ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಆದರೆ ಇಡೀ ಸೂರು, ಮರದ ಚೌಕಟ್ಟಿನ ಸಮೇತ, ಕಂಬಗಳ ಮೇಲಿನಿಂದ ಎದ್ದು, ಒಂದು ಮೊಳ ಪಕ್ಕಕ್ಕೆ ಸರಿದು ಕೂತಿತ್ತು. ಮುದುಕನ ತಲೆಯ ಮೇಲೆ ಓರೆಯಾಗಿ ಕೂತ ಟೋಪಿಯ ಹಾಗೆ ಕಾಣುತ್ತಿತ್ತು. ಪುಣ್ಯಕ್ಕೆ ಕೆಳಗೆ ಹುಲ್ಲು ಬಿಟ್ಟರೆ ಯಾರೂ ಇರಲಿಲ್ಲ. ತಗಡನ್ನು ಮರಕ್ಕೆ ಬಿಗಿದಿದ್ದೆವು, ಮರವನ್ನು ಕಂಬದ ಮೇಲೆ ಸುಮ್ಮನೆ ಕೂರಿಸಿದ್ದೆವು.

ಓಬಣ್ಣ ಸೂರಿನ ಸುತ್ತ ಬಂದು, ರಸ್ತೆಯಲ್ಲಿ ಹುಲ್ಲು ಹೇರಿಕೊಂಡು ಹೋಗುತ್ತಿದ್ದ ಗಾಡಿಯನ್ನು ತೋರಿಸಿದ.

"ಹುಲ್ಲು ಹೇರಿದೋರು ಹಗ್ಗಾನ ಹುಲ್ಲಿಗೇ ಕಟ್ಟಿ ಬಿಡಲ್ಲ ಸ್ವಾಮಿ. ಗಾಡಿ ಅಡಿಗೆ ಕಟ್ತಾರೆ" ಎಂದ.

ಅಷ್ಟೇ ಸಾಕಾಯಿತು. ಅವನ ಮಾತನ್ನೇ ನಾನು ನಕ್ಷೆಯಾಗಿ ಬರೆದು ವರದಾಚಾರ್ಯರಿಗೆ ಕಳಿಸಿದೆ. ಕಬ್ಬಿಣದ ಪಟ್ಟಿಗಳು ಮರದ ಚೌಕಟ್ಟನ್ನು ಅಪ್ಪಿ, ಕಲ್ಲುಕಂಬದ ಗುಂಟ ಕೆಳಗಿಳಿದು, ಪಾಯದಲ್ಲಿ ಹುಗಿದ ಚಪ್ಪಡಿಗೆ ಸಿಕ್ಕಿಸಿಕೊಳ್ಳಬೇಕು. ಸೂರಿನ ನೆತ್ತಿಯಿಂದ ಭೂಮಿಯವರೆಗೆ ಹಿಡಿತ ಎಲ್ಲೂ ಕಡಿಯಬಾರದು. ಅವರು ನಕ್ಷೆಯನ್ನು ಮಂಜೂರು ಮಾಡಿ ಅಂಚಿನಲ್ಲಿ ಬರೆದಿದ್ದರು: ಮೇಸ್ತ್ರಿ ಓಬಣ್ಣನವರ ಸಲಹೆಯಂತೆ. ಆ ಸಾಲನ್ನು ನಾನು ಓದಿ ಹೇಳಿದಾಗ ಓಬಣ್ಣ ಇನ್ನೊಂದು ಸಲ ಓದಿ ಎಂದ. ಮೊಳಕಾಲ್ಮೂರಿನ ಸಂತೆಯ ಸೂರಿಗೂ ಪಾಯ ಅಗೆದು ಪಟ್ಟಿ ಕಟ್ಟಿದೆವು.

ಹೀಗೆ ಕಟ್ಟಿಯೂ ಸಂತೆಯವರು ಆ ಸೂರನ್ನು ನಂಬಲಿಲ್ಲ. ಎಲ್ಲಪ್ಪನ ಕೈಯ ಮೇಲಿನ ಗಾಯದ ಗೆರೆಯನ್ನು ಊರೆಲ್ಲ ನೋಡಿತ್ತು. ಬಿಸಿಲಿಗೆ, ತುಂತುರು ಮಳೆಗೆ ಒಳಗೆ ಕೂರುತ್ತಿದ್ದರು. ಗಾಳಿಯ ತಿಂಗಳು ಬಂತೆಂದರೆ ಗಂಟುಮೂಟೆ ಎತ್ತಿಕೊಂಡು ಬಯಲಿಗೆ ಹೋಗುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ನನಗೆ ಇದು ಸಂಕಟವಾಗುತ್ತಿತ್ತು, ಆದರೆ ಬನ್ನಿ ಒಳಗೆ ಎಂದು ಕರೆಯುವ ಬಾಯಿ ನನಗಿರಲಿಲ್ಲ.

ಮೂರನೆಯ ಆಷಾಢದ ಒಂದು ಸಂತೆಯ ದಿನ. ಬೆಳಿಗ್ಗೆ ಹನಿ ಬಿದ್ದದ್ದರಿಂದ ಜನ ಸೂರಿನ ಕೆಳಗೇ ಅಂಗಡಿ ಹರಡಿದ್ದರು. ನಾನು ಓಬಣ್ಣನ ಜೊತೆ ರಸ್ತೆ ಕೆಲಸ ನೋಡಲು ಅಲ್ಲಿಗೆ ಬಂದಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಮೋಡ ಚದುರಿ ಬೆಟ್ಟದ ಸಂದಿಯಿಂದ ಗಾಳಿ ಬಿದ್ದಿತು. ನಾನು ಕಂಡ ಗಾಳಿಗಳಲ್ಲಿ ಅಂಥದು ಇನ್ನೊಂದಿಲ್ಲ. ಬೀದಿಯಲ್ಲಿ ಬುಟ್ಟಿಗಳು ಉರುಳಿದವು, ನಿಂತಿದ್ದ ಖಾಲಿ ಗಾಡಿಯೊಂದು ತಾನೇ ಹಿಂದಕ್ಕೆ ಹೊರಟಿತು. ತಗಡುಗಳು ಒಮ್ಮೆ ಹೂಂಕರಿಸಿದವು. ಅಷ್ಟೇ, ಸೂರಿನ ಕೆಳಗಿನ ಜನವೆಲ್ಲ ಎದ್ದು ಹೊರಗೆ ಓಡಿದರು. ಕಾಳಿನ ಚೀಲ, ಮೆಣಸಿನಕಾಯಿ ರಾಶಿ, ತಕ್ಕಡಿ ಎಲ್ಲ ಅಲ್ಲಿಯೇ ಉಳಿದವು. ನಾನೂ ಓಡಿದೆ. ಬರೆದ ನಕ್ಷೆ ನನ್ನದು, ಎಣಿಸಿದ ಬೋಲ್ಟು ನನ್ನವು. ಆದರೂ ಓಡಿದೆ. ದೂರ ನಿಂತು ತಿರುಗಿ ನೋಡಿದಾಗ ಸೂರಿನ ನಡುವೆ, ಒಂದು ಕಂಬಕ್ಕೆ ಬೆನ್ನು ಕೊಟ್ಟು, ಓಬಣ್ಣ ಕಾಲು ಚಾಚಿ ಕೂತಿದ್ದ.

ಈಚೆಗೆ ಬಾ ಎಂದು ಕೂಗಿದೆ. ಗಾಳಿ ನನ್ನ ಕೂಗನ್ನು ಎತ್ತಿಕೊಂಡು ಹೋಯಿತು. ಬಗ್ಗಿಕೊಂಡು ಹತ್ತಿರ ಹೋಗಿ, ಏಳು ಓಬಣ್ಣ ಎಂದೆ.

"ಕಟ್ಟಿದೋರೇ ಕೂರದಿದ್ರೆ ಯಾರು ಕೂರ್ತಾರೆ ಸ್ವಾಮಿ?" ಎಂದ. ಬಯ್ದ ದನಿಯಲ್ಲ, ಮನೆಯ ಜಗಲಿಯಲ್ಲಿ ಕೂತು ಕೇಳಿದ ದನಿ.

ನಾನು ಸೂರಿನ ಅಂಚಿನಲ್ಲಿ ನಿಂತಿದ್ದೆ. ಒಂದು ಹೆಜ್ಜೆ ಒಳಗೆ, ಒಂದು ಹೆಜ್ಜೆ ಹೊರಗೆ. ಮೇಲೆ ತಗಡುಗಳು ನರಳುತ್ತಿದ್ದವು. ಕಂಬದ ಗುಂಟ ಇಳಿದ ಕಬ್ಬಿಣದ ಪಟ್ಟಿ ವೀಣೆಯ ತಂತಿಯ ಹಾಗೆ ಝೇಂಕರಿಸುತ್ತಿತ್ತು. ಒಳಗೆ ಹೋಗಿ ಅವನ ಪಕ್ಕದಲ್ಲಿ ಕೂತೆ. ಕಂಬ ನಡುಗುತ್ತಿರುವುದು ಬೆನ್ನಿಗೆ ತಿಳಿಯುತ್ತಿತ್ತು. ಹೊರಗೆ ಇಡೀ ಸಂತೆ ನಿಂತು ನಮ್ಮಿಬ್ಬರನ್ನು ನೋಡುತ್ತಿತ್ತು.

ಆ ಗುಂಪಿನಿಂದ ಒಬ್ಬಳು ಹೊರಟು ಬಂದಳು. ಸೆರಗನ್ನು ತಲೆಯ ಮೇಲಿಂದ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಗಂಟು. ಸುಂಕಮ್ಮ. ಅವಳ ಹಿಂದೆ ಎಲ್ಲಪ್ಪ ಬೇಡವೆಂದು ಕೈಯಾಡಿಸುತ್ತಿದ್ದ. ಅವಳು ಸೂರಿನ ಅಂಚಿಗೆ ಬಂದು ತಲೆಯೆತ್ತಿ, ಮೂಡಣದ ಇಳಿಜಾರನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು. ಆಮೇಲೆ ಒಳಗೆ ಬಂದು, ಆ ಇಳಿಜಾರಿನ ನೇರ ಕೆಳಗೆ ಕೂತು, ಗಂಟು ಬಿಚ್ಚಿ, ಮಾರಲು ತಂದಿದ್ದ ಸೀರೆಯನ್ನು ಮಡಿಲಿನ ಮೇಲೆ ಹರಡಿಕೊಂಡಳು. ನಮ್ಮ ಕಡೆ ನೋಡಲೂ ಇಲ್ಲ.

ಎಲ್ಲಪ್ಪ ಬಂದು ಅವಳ ಪಕ್ಕದಲ್ಲಿ ಕೂತ. ಆಮೇಲೆ ಮೆಣಸಿನಕಾಯಿಯ ಮುದುಕಿ ಬಂದಳು, ಕಾಳಿನ ಸಾಬರು ಬಂದರು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಬಿಟ್ಟುಹೋದ ಜಾಗಗಳಲ್ಲಿ ಕೂತರು. ಯಾರೋ ತಕ್ಕಡಿ ಎತ್ತಿದರು, ಯಾರೋ ಬೆಲೆ ಕೇಳಿದರು. ಗಾಳಿಯ ಸದ್ದಿನಲ್ಲಿ ಕೇಳಿಸದೆ ಇನ್ನೊಮ್ಮೆ ಕೂಗಿ ಕೇಳಿದರು.

ಮೇಲೆ ಗಾಳಿ ಎಳೆಯುತ್ತಲೇ ಇತ್ತು. ಕೆಳಗೆ ಸಂತೆ ನಡೆಯಿತು.